ಬೆನ್ನಿಲ್ಲದ ಪೀಠ

1671, ಏಪ್ರಿಲ್ 9

ವಲ್‌ಸೆರ್ರಾ ಅರಮನೆಗೆ ಸೊಸೆಯಾಗಿ ಬಂದು ಇಂದಿಗೆ ನಾಲ್ಕು ದಿನ. ಬಂದ ದಿನವೇ ನನ್ನಿಂದ ಮಹಾಪರಾಧವೊಂದು ನಡೆದುಹೋಯಿತು. ಏನೆಂದರೆ, ಕುರ್ಚಿಯ ಮೇಲೆ ಕುಳಿತೆ.

ಹದಿನಾಲ್ಕು ದಿನ ಗಾಡಿಯಲ್ಲಿ ಆಲ್ಪ್ಸ್ ಬೆಟ್ಟ ಹತ್ತಿ ಇಳಿದು ಸೊಂಟ ಬಿದ್ದುಹೋಗಿತ್ತು. ಎದುರಿಗೊಂದು ಕುರ್ಚಿ ಕಂಡಿತು, ಕೂತೆ. ತುಂಬಿದ ಸಭೆ ಉಸಿರು ಬಿಗಿಹಿಡಿಯಿತು. ಅತ್ತೆ ಇಪ್ಪೊಲಿತಾ ದೊರೆಸಾನಿಯ ಕೈಯಲ್ಲಿದ್ದ ಬೀಸಣಿಗೆ ಅಲ್ಲೇ ನಿಂತಿತು. ರೀತಿ-ರಿವಾಜು ನೋಡಿಕೊಳ್ಳುವ ಅಧಿಕಾರಿ, ಪಾಂಡೊಲ್ಫಿ ಎಂಬ ಒಣಕಲು ಮುದುಕ, ಓಡಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದ.

"ದಯವಿಟ್ಟು ಏಳಿ ಚಿಕ್ಕ ದೊರೆಸಾನಿಯೋರೇ. ಅದಕ್ಕೆ ಬೆನ್ನಿದೆ."

"ನಂಗೂ ಇದೆಯಲ್ಲ," ಎಂದೆ.

ಒಬ್ಬರೂ ನಗಲಿಲ್ಲ. ಆಮೇಲೆ ಮಗುವಿಗೆ ಹೇಳಿಕೊಡುವಂತೆ ನನಗೆ ಪಾಠ ನಡೆಯಿತು. ಕೈಯೂ ಬೆನ್ನೂ ಇರುವ ಕುರ್ಚಿ ಮಾವನವರಿಗೆ ಮತ್ತು ಅತ್ತೆಗೆ. ಬೆನ್ನು ಮಾತ್ರ ಇರುವುದು ಅವರ ಗಂಡುಮಕ್ಕಳಿಗೆ, ಮತ್ತೆ ಗಂಡು ಹೆತ್ತ ಸೊಸೆಗೆ. ಹೆರದ ಸೊಸೆಗೆ ಮೊಣಕಾಲೆತ್ತರದ ಬೆನ್ನಿಲ್ಲದ ಪೀಠ. ಮಿಕ್ಕವರೆಲ್ಲ ನಿಂತೇ ಇರಬೇಕು. ಯಾರು ಯಾವತ್ತು ಯಾವುದರ ಮೇಲೆ ಕುಳಿತರು ಎಂಬುದನ್ನು ಪಾಂಡೊಲ್ಫಿ ದಪ್ಪ ಪುಸ್ತಕವೊಂದರಲ್ಲಿ ಬರೆದಿಡುತ್ತಾನೆ. ಒಮ್ಮೆ ಬರೆದದ್ದು ಬರೆದದ್ದೇ, ಮೊಮ್ಮಕ್ಕಳ ಕಾಲಕ್ಕೂ ಅದೇ ಕಾನೂನು.

ನಮ್ಮ ಟಾನ್ನೆಕ್‌ನಲ್ಲಿ ಅಪ್ಪ ದೊರೆಯಾಗಿದ್ದರೂ ಒಲೆಯ ಮುಂದಿನ ಬೆಂಚಿನ ಮೇಲಿಂದ ನಾಯಿಗಳನ್ನು ಆಚೆ ತಳ್ಳಿ ಕೂರುತ್ತಿದ್ದರು. ಇದನ್ನೆಲ್ಲ ಅಮ್ಮನಿಗೆ ಬರೆಯಬೇಕು. ಬಿದ್ದು ಬಿದ್ದು ನಗುತ್ತಾಳೆ.

1671, ಮೇ 2

ಪಕ್ಕದ ಪೀಠದಲ್ಲಿ ಕೂರುವವಳು ಫುಲ್ವಿಯಾ. ಮೈದುನನ ಹೆಂಡತಿ, ನನ್ನ ವಾರಗಿತ್ತಿ, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಈ ಕಲ್ಲುಮುಖದವರ ನಡುವೆ ಬಾಯಿ ಬಿಟ್ಟು ನಗುವ ಹೆಂಗಸು ಅವಳೊಬ್ಬಳೇ. ಇವತ್ತು ಪ್ರಾರ್ಥನೆ ಮುಗಿಯದೆ ಎಳೆಯುತ್ತಿದ್ದಾಗ ಮೆಲ್ಲಗೆ ಪಿಸುಗುಟ್ಟಿದಳು.

"ಅಕ್ಕಾ, ಸ್ವಲ್ಪ ಈ ಕಡೆ ಸರೀರಿ. ನಿಮ್ಮ ಬೆನ್ನು ನನ್ನ ಬೆನ್ನಿಗೆ ತಾಗಿದ್ರೆ ಇಬ್ರಿಗೂ ಕುರ್ಚಿ ಆಯ್ತಲ್ಲ."

ಸರಿದೆ. ನಿಜಕ್ಕೂ ಆಯಿತು! ಪಾಂಡೊಲ್ಫಿಗೆ ಇದನ್ನು ಯಾವ ಸಾಲಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ. ನಮಗೆ ನಗು ತಡೆಯಲಾಗದೆ ಕೆಮ್ಮಿನ ನೆಪ ಮಾಡಿದೆವು. ಸಂಜೆ ನನ್ನವರು, ಲುದೊವಿಕೊ, ಮುಖ ಚಿಕ್ಕದು ಮಾಡಿಕೊಂಡು ಬಂದರು. "ಅಮ್ಮ ಬೇಜಾರ್ ಮಾಡ್ಕೊಂಡಿದಾರೆ. ಇನ್ಮೇಲೆ ಹಂಗೆಲ್ಲ ಮಾಡ್ಬೇಡ." ಒಳ್ಳೆಯ ಮನುಷ್ಯ. ಆದರೆ ಅವರಮ್ಮ ಕೆಮ್ಮಿದರೂ ಇವರಿಗೆ ಜ್ವರ ಬರುತ್ತದೆ.

1671, ಜೂನ್ 30

ಅಮ್ಮನ ಕಾಗದ. ಕುರ್ಚಿಯ ಕಥೆ ಓದಿ ಎಷ್ಟು ನಕ್ಕಳೆಂದರೆ, ಏನಾಯಿತೋ ಎಂದು ಪಾದ್ರಿ ಅಡುಗೆಮನೆಯಿಂದ ಓಡಿಬಂದರಂತೆ. ಬುರ್ಗಾಳಿಗೂ ಓದಿ ಹೇಳಿದೆ. ನನಗೆ ಹಾಲೂಡಿಸಿ ಬೆಳೆಸಿದವಳು, ತವರಿನಿಂದ ನನ್ನ ಜೊತೆ ಬಂದವಳು. ಅವಳು ನಗುತ್ತ ನಗುತ್ತ ಅತ್ತುಬಿಟ್ಟಳು. ಆಮೇಲೆ ನಾನೂ.

1672, ಆಗಸ್ಟ್ 2

ಹೆಣ್ಣು ಮಗು. ಕೆಂಪಗೆ, ಕಡ್ಡಿಯ ಹಾಗೆ ಇದೆ. ಅತ್ತೆ ಬಾಗಿಲಲ್ಲೇ ನಿಂತು ನೋಡಿ ಹೋದರು. ಪೀಠ ಹಾಗೇ ಇರುತ್ತದಂತೆ.

1672, ಆಗಸ್ಟ್ 11

ಹೋಯಿತು.

1672, ಆಗಸ್ಟ್ 15

ಹಬ್ಬ. ಹೋಗಲೇಬೇಕಂತೆ. ಮೂರು ಗಂಟೆ ಪೀಠದ ಮೇಲೆ ಕುಳಿತೆ. ಮೈಯಿಂದ ಇನ್ನೂ ರಕ್ತ ಹೋಗುತ್ತಿತ್ತು, ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಅತ್ತೆ ತಮ್ಮ ಕುರ್ಚಿಯಿಂದ ಬಗ್ಗಿ, "ಹೆಣ್ಣು ತಾನೇ? ಅದಕ್ಯಾಕೆ ಇಷ್ಟು ಅಳ್ತೀಯ? ಜನ ನೋಡ್ತಿದಾರೆ," ಎಂದರು. ಒರಗಿಕೊಂಡು ಅಳೋಣವೆಂದರೆ ಹಿಂದೆ ಒಂದು ಹಲಗೆಯೂ ಇರಲಿಲ್ಲ. ಫುಲ್ವಿಯಾ ತನ್ನ ಪೀಠವನ್ನು ಕಾಲಿನಿಂದ ಮೆಲ್ಲಗೆ ಹತ್ತಿರ ತಳ್ಳಿಕೊಂಡು, ಪ್ರಾರ್ಥನೆ ಮುಗಿಯುವವರೆಗೂ ನನಗೆ ಭುಜ ಕೊಟ್ಟಳು.

ಈ ಮನೆ ಹಾಳಾಗಿ ಹೋಗಲಿ. ಬರೆದೇಬಿಟ್ಟೆ. ನಮ್ಮ ಮಾತು ಇಲ್ಲಿ ಯಾರಿಗೂ ಓದಲು ಬರುವುದಿಲ್ಲ.

1674, ಫೆಬ್ರವರಿ 6

ಮತ್ತೆ ಬಸುರಿ, ಆರು ತಿಂಗಳು. ಇವತ್ತು ನಾಟಕ ಐದು ಗಂಟೆ ನಡೆಯಿತು. ಸೊಂಟ ಸೀಳಿ ಹೋಗುತ್ತಿದೆ. ಬುರ್ಗಾ ಬಿಸಿ ಉಪ್ಪಿನ ಗಂಟು ಕಟ್ಟಿ ಒತ್ತುತ್ತ, "ಗಂಡಾಗ್ಲಿ ಅಮ್ಮಣ್ಣಿ, ಈ ಶಿಕ್ಷೆ ಮುಗೀಲಿ," ಎನ್ನುತ್ತಿದ್ದಾಳೆ. ನಾನೂ ದೇವರನ್ನು ಅದನ್ನೇ ಕೇಳುತ್ತಿದ್ದೇನೆ. ಮಗುವಿಗಾಗಿ ಕೇಳುತ್ತಿದ್ದೇನೋ ಕುರ್ಚಿಗಾಗಿಯೋ, ಈ ನೋವಿನಲ್ಲಿ ಒಂದೂ ತಿಳಿಯುವುದಿಲ್ಲ.

1674, ಮೇ 18

ಗಂಡು! ಗಂಡು! ಗಂಡು!

1674, ಜೂನ್ 24

ಇವತ್ತು ಸಭೆಯಲ್ಲಿ ನನ್ನ ಕುರ್ಚಿ ಇಟ್ಟರು. ಕೆಂಪು ಮಖಮಲ್ಲು, ಬೆನ್ನಿಗೆ ಹಿತ್ತಾಳೆಯ ಮೊಳೆ, ಇಪ್ಪತ್ತೆರಡು. ಪಾಂಡೊಲ್ಫಿ ನನ್ನೆದುರು ಬಾಗಿದ್ದು ಈ ಹಿಂದೆ ಬಾಗುತ್ತಿದ್ದುದಕ್ಕಿಂತ ಒಂದು ಗೇಣು ಜಾಸ್ತಿಯೇ. ಒರಗಿದೆ. ಮೂರು ವರ್ಷ ಎರಡು ತಿಂಗಳಾದ ಮೇಲೆ ಒರಗಿದೆ. ಕಣ್ಣಲ್ಲಿ ನೀರು ಬಂತು, ಯಾರಿಗೂ ಕಾಣಗೊಡಲಿಲ್ಲ.

ಪೀಠದಲ್ಲಿ ಒಬ್ಬಳೇ ಉಳಿದ ಫುಲ್ವಿಯಾ, "ಅಕ್ಕಾ, ಇನ್ನು ನಾನ್ಯಾರ ಬೆನ್ನಿಗೆ ಒರಗ್ಲಿ?" ಎಂದು ನಕ್ಕಳು. ಸುತ್ತಲಿದ್ದವರಿಗೂ ಕೇಳಿಸಿತು. ಸಭೆಯಲ್ಲಿ ಹಾಗೆ ಗಟ್ಟಿಯಾಗಿ ಮಾತನಾಡಬಾರದೆಂದು ಮೆಲ್ಲಗೆ ಹೇಳಿದೆ. ಅವಳ ಒಳ್ಳೆಯದಕ್ಕೇ ಹೇಳಿದ್ದು.

1674, ಸೆಪ್ಟೆಂಬರ್ 3

ಅಮ್ಮ ಬರುತ್ತಿದ್ದಾಳೆ!

ಕಾಗದ ಪಾದ್ರಿಯ ಕೈಬರಹದಲ್ಲಿದೆ. ಏಕೆಂದು ಕೆಳಗೆ ಓದಿದಾಗ ತಿಳಿಯಿತು. ಕಣ್ಣಿಗೆ ಪೊರೆ ಬಂದಿದೆ. ಹತ್ತಿರದ್ದು ಮಂಜು ಮಂಜು, ದೂರದ್ದು ಬರೀ ಬಣ್ಣ. ಬರುವ ಬೇಸಿಗೆಯ ಹೊತ್ತಿಗೆ ಪೂರ್ತಿ ಕತ್ತಲು ಎಂದು ವೈದ್ಯರು ಹೇಳಿದ್ದಾರೆ. "ಅಷ್ಟರಲ್ಲಿ ಒಂದು ಸಲ ನಿನ್ನ ಮುಖ, ನಿನ್ನ ಮಗನ ಮುಖ ಹತ್ತಿರದಿಂದ ನೋಡಿಬಿಡುತ್ತೇನೆ ಟಿಲ್ಲಿ. ಮತ್ತೇನೂ ಬೇಡ. ಹಿಮ ಬಿದ್ದು ಬೆಟ್ಟದ ದಾರಿ ಮುಚ್ಚುವ ಮೊದಲು ಬಂದು ಹೋಗುತ್ತೇನೆ."

ಟಿಲ್ಲಿ ಎಂದು ನನ್ನನ್ನು ಯಾರಾದರೂ ಕರೆದು ಎಷ್ಟು ಕಾಲವಾಯಿತು!

1674, ಸೆಪ್ಟೆಂಬರ್ 29

ಅಮ್ಮ ಬಂದಳು. ಊರಾಚೆಯ ಸನ್ಯಾಸಿನಿಯರ ಮಠದ ಅತಿಥಿಕೋಣೆಯಲ್ಲಿದ್ದಾಳೆ. ಇಲ್ಲಿಂದ ಅರ್ಧ ಗಂಟೆಯ ದಾರಿ. ನನ್ನ ಕಿಟಕಿಯಿಂದ ಆ ಮಠದ ಗಂಟೆಗೋಪುರ ಕಾಣುತ್ತದೆ.

ಅರಮನೆಗೆ ಬರಬೇಕಾದರೆ ಮೊದಲು ಆಸನದ ವಿಷಯ ಇತ್ಯರ್ಥವಾಗಬೇಕು. ಪಾಂಡೊಲ್ಫಿ ಪುಸ್ತಕ ತೆಗೆದು ನೋಡಿದ. ಟಾನ್ನೆಕ್‌ನಂಥ ಸಣ್ಣ ಸಂಸ್ಥಾನದ ವಿಧವೆಗೆ ಇಲ್ಲಿ ಬೆನ್ನಿಲ್ಲದ ಪೀಠವಂತೆ.

"ಪೀಠವೇ? ನನ್ನ ತಾಯಿಗೆ?"

"ನಾನು ಬರೆದ ಕಾನೂನಲ್ಲ ದೊರೆಸಾನಿಯೋರೇ," ಎಂದು ಕೈ ಮುಗಿದ.

1674, ಅಕ್ಟೋಬರ್ 3

ಬುರ್ಗಾ ಮಠಕ್ಕೆ ಹೋಗಿ ಬಂದಳು. ಅಮ್ಮ ಇಳಿದುಹೋಗಿದ್ದಾಳಂತೆ. ಬುರ್ಗಾಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದುಕೊಂಡು ಗುರುತು ಹಿಡಿದಳಂತೆ. ಪೀಠದ ವಿಷಯ ಹೇಳಿದ್ದಕ್ಕೆ, "ಪೀಠ ಯಾಕೆ, ನೆಲದ್ ಮೇಲ್ ಕೂರ್ಸಿದ್ರೂ ಕೂರ್ತೀನಿ. ನೆಲ ಆದ್ರೆ ಮಗೂನ ತೊಡೆ ಮೇಲೆ ಹಾಕ್ಕೊಳಕ್ಕೂ ಸುಲಭ," ಎಂದು ನಕ್ಕಳಂತೆ.

ನಗುತ್ತಾಳೆ! ಅವಳಿಗೇನು ಗೊತ್ತು ಇಲ್ಲಿಯ ಪಾಡು. ಅವಳು ಪೀಠದಲ್ಲಿ ಕೂತರೆ ನಾಳೆಯಿಂದ ನಾನು ಪೀಠದವಳ ಮಗಳು. ಅತ್ತೆ ಅದನ್ನು ಸಾಯುವವರೆಗೂ ಆಡಿಕೊಳ್ಳುತ್ತಾರೆ. ನನ್ನ ತಾಯಿಗೆ ಇಂಥ ಅವಮಾನ ಆಗಗೊಡುವುದಿಲ್ಲ. ಪೀಠ ಆಗದು ಎಂದು ಪಾಂಡೊಲ್ಫಿಗೆ ಖಡಾಖಂಡಿತವಾಗಿ ಹೇಳಿ ಕಳಿಸಿದೆ.

1674, ಅಕ್ಟೋಬರ್ 8

ಐದು ದಿನದಿಂದ ಇದೇ ಹಗ್ಗಜಗ್ಗಾಟ.

ಬುರ್ಗಾ: "ನೀವೇ ಮಠಕ್ಕೆ ಹೋಗ್ಬನ್ನಿ ಅಮ್ಮಣ್ಣಿ." ಆಗುವುದಿಲ್ಲ. ಮೊದಲು ಯಾರು ಭೇಟಿಗೆ ಹೋಗುತ್ತಾರೋ ಅವರು ಕೆಳಗಿನವರು ಎಂದು ಲೆಕ್ಕ. ಯುವರಾಜನ ತಾಯಿ ಹಾಗೆ ಹೋಗಲಾಗದು.

ಫುಲ್ವಿಯಾ: "ತೋಟದಲ್ಲಿ ಓಡಾಡ್ಕೊಂಡು ಮಾತಾಡ್ಲಿ. ಅಲ್ಲಿ ಕುರ್ಚಿನೇ ಇಲ್ವಲ್ಲ!" ಎರಡು ದಿನ ಅದರ ಚರ್ಚೆಯೂ ನಡೆಯಿತು. ಕೊನೆಗೆ ಬಲಗಡೆ ಯಾರು ನಡೆಯಬೇಕು ಎಂಬಲ್ಲಿಗೆ ಬಂದು ನಿಂತಿತು. ನಾನು ಬಲ ಬಿಡುವಂತಿಲ್ಲವೆಂದು ಅತ್ತೆ. ತಾಯಿಯನ್ನು ಎಡಕ್ಕೆ ಹಾಕುವುದು ಹೇಗೆಂದು ನಾನು. ಫುಲ್ವಿಯಾ ಹಣೆ ಚಚ್ಚಿಕೊಂಡಳು. ಅವಳಿಗೀಗ ಐದು ತಿಂಗಳು. ಗಂಡಾದರೆ ಅವಳಿಗೂ ಒಂದು ಕುರ್ಚಿ. ಅದಕ್ಕೇ ಇರಬೇಕು ಇಷ್ಟೊಂದು ಸಲಹೆ, ಸಹಾಯ.

ಲುದೊವಿಕೊ: "ಕಾಯಿಲೆ ಅಂತ ಮಲ್ಕೊಂಡ್ಬಿಡು. ರೋಗಿ ಹಾಸಿಗೆ ಹತ್ರ ಯಾರ್ ಬೇಕಾದ್ರೂ ಎಲ್ ಬೇಕಾದ್ರೂ ಕೂರ್ಬಹುದು." ಕಾಯಿಲೆಯವಳ ಕೋಣೆಗೆ ಮಗುವನ್ನು ತರುವುದಿಲ್ಲ. ಅಮ್ಮ ಮಗುವನ್ನು ನೋಡಬೇಕಲ್ಲ. ಈ ಗಂಡಸಿಗೆ ಒಂದನ್ನೂ ನೆಟ್ಟಗೆ ಯೋಚಿಸಲು ಬರುವುದಿಲ್ಲ.

1674, ಅಕ್ಟೋಬರ್ 13

ಇವತ್ತು ಅತ್ತೆಯೇ ಕರೆಸಿದರು. ಮುಂದೆ ಸಕ್ಕರೆ ಬಾದಾಮಿಯ ತಟ್ಟೆ, ಪಕ್ಕದಲ್ಲಿ ಪಾಂಡೊಲ್ಫಿ. ಇಷ್ಟು ಮೆತ್ತಗೆ ಅವರು ಮಾತನಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ನೋಡಮ್ಮ, ನಾನೂ ಹೆತ್ತವಳೇ. ನಿಮ್ಮಮ್ಮಂಗೆ ಬೆನ್ನಿರೋ ಕುರ್ಚಿ ಕೊಡೋಣ. ಆಯ್ತಾ? ಆದ್ರೆ ಒಂದೇ ಕೋಣೇಲಿ ತಾಯಿಗೂ ಮಗಳಿಗೂ ಸಮಾನ ಆಸನ ಅಂದ್ರೆ ಟಾನ್ನೆಕ್ಕೂ ವಲ್‌ಸೆರ್ರಾನೂ ಒಂದೇ ಅಂತ ಆಗೋಗುತ್ತೆ. ಅದಾಗ್ಬಾರ್ದು. ಅದಕ್ಕೇ ಆವತ್ತೊಂದಿನ ನೀನು ಪೀಠದಲ್ಲಿ ಕೂತ್ಕೋ."

"ನಾನೇ?"

"ಒಂದು ಗಂಟೆ ಕಣೇ. ಮೂರ್ ವರ್ಷ ಕೂತಿದೀಯ, ಅಭ್ಯಾಸ ಇಲ್ವೇ?" ಎಂದು ಬಾದಾಮಿ ಬಾಯಿಗೆ ಹಾಕಿಕೊಂಡರು.

"ಪುಸ್ತಕದಲ್ಲಿ ಬರೀತೀರಾ?" ಎಂದು ಪಾಂಡೊಲ್ಫಿಯನ್ನು ಕೇಳಿದೆ.

"ಬರೀಲೇಬೇಕು ದೊರೆಸಾನಿಯೋರೇ. ಆದ್ರೆ 'ಸ್ವಇಚ್ಛೆಯಿಂದ' ಅಂತ ಸೇರಿಸ್ತೀನಿ."

ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಆ ಹೆಂಗಸು ಎಂಥವಳೆಂದು ನನಗೆ ಗೊತ್ತಿಲ್ಲವೇ? ಯುವರಾಜನ ತಾಯಿ ಪೀಠದ ಮೇಲೆ ಕುಳಿತಳು ಎಂದು ಒಮ್ಮೆ ಬರೆಸಿಕೊಂಡರೆ ಸಾಕು, ಅದನ್ನು ಹಿಡಿದುಕೊಂಡು ಜೀವಮಾನವಿಡೀ ನನ್ನನ್ನು ಅಲ್ಲೇ ಕೂರಿಸುತ್ತಾರೆ. ಫುಲ್ವಿಯಾ ಗಂಡು ಹೆತ್ತು ಕುರ್ಚಿಯಲ್ಲಿ, ನಾನು ಕೆಳಗೆ! ನಾಳೆ ಮಗುವನ್ನೂ ಕಿತ್ತುಕೊಂಡರೆ?

1674, ಅಕ್ಟೋಬರ್ 14

ಇನ್ನೂ ಯೋಚಿಸುತ್ತಿದ್ದೇನೆ.

1674, ಅಕ್ಟೋಬರ್ 17

ಬುರ್ಗಾ ಇವತ್ತು ಮಿತಿ ಮೀರಿದಳು.

ಬೆಟ್ಟದ ನೆತ್ತಿಯಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ಮುಂದಿನ ವಾರ ಹೊರಡದಿದ್ದರೆ ಅಮ್ಮ ವಸಂತದವರೆಗೂ ಇಲ್ಲೇ ಉಳಿಯಬೇಕು, ಮಠದವರು ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ. ಬುರ್ಗಾ ನನ್ನ ಕೂದಲು ಬಾಚುತ್ತಿದ್ದವಳು ಬಾಚಣಿಗೆ ಮೇಜಿನ ಮೇಲೆ ಎಸೆದಳು.

"ಒಂದು ಗಂಟೆ! ಬರೀ ಒಂದು ಗಂಟೆ ಆ ಮಣೆ ಮೇಲೆ ಕೂರಕ್ಕಾಗಲ್ವಾ ನಿಂಗೆ? ಹೆತ್ತವ್ಳು ಕಣ್ ಕಾಣ್ದೆ ಬೆಟ್ಟ ಹತ್ತಿ ಬಂದು ಹದ್ನೆಂಟ್ ದಿನ ಆಯ್ತು. ನಿಂಗೇನ್ ಬಂದಿದೆ ರೋಗ?"

ನಿಂಗೆ ಎಂದಳು! ಹುಟ್ಟಿದಾಗಿನಿಂದ ನನ್ನನ್ನು ಬಹುವಚನದಲ್ಲೇ ಕರೆದವಳು ಏಕವಚನಕ್ಕೆ ಇಳಿದುಬಿಟ್ಟಳು. ಇನ್ನಿಬ್ಬರು ದಾಸಿಯರು ಅಲ್ಲೇ ನಿಂತಿದ್ದರು. ಮಾತು ತಿಳಿಯದಿದ್ದರೂ ದನಿ ತಿಳಿಯುವುದಿಲ್ಲವೇ? ಹೊರಗೆ ಹೋಗು ಎಂದೆ. ಹೋದಳು. ಬಾಗಿಲು ಹಾಕುವ ಮುಂಚೆ ಬಾಗಿ ವಂದಿಸಲೂ ಇಲ್ಲ.

ನನಗೇನು ಅಮ್ಮನನ್ನು ನೋಡುವ ಆಸೆ ಇಲ್ಲವೇ? ಎದೆ ಬಗೆದು ತೋರಿಸಲೇ? ಆದರೆ ಈ ಕುರ್ಚಿಗೆ ನಾನು ಏನೇನು ಕೊಟ್ಟಿದ್ದೇನೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಹೀಗೆ ಮಾತನಾಡಿದಳು, ಅದೇ ಉರಿಯುತ್ತಿದೆ.

1674, ಅಕ್ಟೋಬರ್ 20

ಬುರ್ಗಾ ನೆಲ ನೋಡಿಕೊಂಡು ಬಂದು ಹೇಳಿದಳು: ಅಮ್ಮ ನಾಡಿದ್ದು ಹೊರಡುತ್ತಾಳೆ. ಅದಕ್ಕೆ ಮೊದಲು, ನಾಳೆ ಭಾನುವಾರ, ನಾವೆಲ್ಲ ಮೆರವಣಿಗೆಯಲ್ಲಿ ದೊಡ್ಡ ಚರ್ಚಿಗೆ ಹೋಗುವಾಗ ಜನರ ಜೊತೆ ನಿಂತು ನೋಡುತ್ತಾಳೆ. ಬಾಗಿಲಿನಿಂದ ಮೂರನೆಯ ಕಂಬದ ಹತ್ತಿರ. ಹೆಸರಿಲ್ಲ, ಬಿರುದಿಲ್ಲ, ಸಾಮಾನ್ಯ ಮುದುಕಿಯ ಹಾಗೆ. ಇದಕ್ಕೆ ಯಾವ ಪುಸ್ತಕದಲ್ಲೂ ಅಡ್ಡಿ ಇಲ್ಲ.

ಒಳ್ಳೆಯ ಉಪಾಯ. ಇದು ಮೊದಲೇ ಯಾರಿಗೂ ಹೊಳೆಯದೆ ಹೋಯಿತಲ್ಲ ಎನಿಸಿತು. ಮಗುವನ್ನು ಕರೆತರುವಂತಿಲ್ಲ, ಶೀತಗಾಳಿ.

1674, ಅಕ್ಟೋಬರ್ 21, ಭಾನುವಾರ

ಮುಂದೆ ಅತ್ತೆ, ಮೂರು ಹೆಜ್ಜೆ ಹಿಂದೆ ನಾನು, ನನ್ನಿಂದ ಮೂರು ಹೆಜ್ಜೆ ಹಿಂದೆ ಫುಲ್ವಿಯಾ. ಮೂರನೆಯ ಕಂಬದ ಹತ್ತಿರ ಮೀನು ಮಾರುವವರು, ಬಟ್ಟೆ ಒಗೆಯುವವರ ಮಧ್ಯೆ ಅಮ್ಮ ನಿಂತಿದ್ದಳು. ಬುರ್ಗಾ ಅವಳ ತೋಳು ಹಿಡಿದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಅದೇ ಕಂದು ಶಾಲು. ಕುತ್ತಿಗೆ ಮುಂದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ ಒಬ್ಬೊಬ್ಬರನ್ನೇ ಹುಡುಕುತ್ತಿದ್ದಳು.

ನಾನು ಹತ್ತಿರ ಬಂದೆ. ಅವಳಿಂದ ಒಂದು ಮಾರು ದೂರವೂ ಇರಲಿಲ್ಲ. ಅವಳ ಕಣ್ಣು ನನ್ನ ಮೇಲೆ ಬಿದ್ದು, ಜಾರಿ, ನನ್ನ ಹಿಂದಕ್ಕೆ ಹೋಯಿತು. ನಾನು ದಾಟಿದ ಮೇಲೆ ಬೆನ್ನ ಹಿಂದೆ ಅವಳ ದನಿ ಕೇಳಿಸಿತು.

"ಟಿಲ್ಲೀ! ಪುಟ್ಟೀ! ಎಷ್ಟು ದೊಡ್ಡೋಳಾಗ್ಬಿಟ್ಟಿದೀಯ!"

ಮೆರವಣಿಗೆಯಲ್ಲಿ ತಲೆ ತಿರುಗಿಸುವಂತಿಲ್ಲ. ತಿರುಗಿಸಲಿಲ್ಲ. ಆದರೂ ಹಿಂದೆ ಹೆಜ್ಜೆಗಳು ನಿಂತದ್ದು ತಿಳಿಯಿತು, ಜನ ಗುಜುಗುಜು ಎಂದದ್ದೂ ಕೇಳಿಸಿತು. ಆಮೇಲೆ ಕುರ್ಚಿಯಲ್ಲಿ ಕುಳಿತು ಪ್ರಾರ್ಥನೆ ಮುಗಿಸಿದೆ. ಒಂದು ಪದವೂ ನೆನಪಿಲ್ಲ.

1674, ಅಕ್ಟೋಬರ್ 22

ಬುರ್ಗಾ ಗಂಟು ಕಟ್ಟಿಕೊಂಡು ನಿಂತಿದ್ದಳು. "ಅವ್ರಿಗೆ ದಾರಿ ಕಾಣಲ್ಲ ಅಮ್ಮಣ್ಣಿ. ಕೈ ಹಿಡಿಯಕ್ಕೆ ಒಬ್ರು ಬೇಕು. ನಿಮಗಿಲ್ಲಿ ಜನ ಇದಾರೆ."

ಬಾಗಿಲ ಹತ್ತಿರ ಹೋದವಳು ತಿರುಗಿದಳು. "ನಿನ್ನೆ ಕೈ ಹಿಡ್ಕೊಂಡಿದ್ದು ನೀವಲ್ಲ ಅಂತ ಅವ್ರಿಗೆ ನಾನ್ ಹೇಳಿಲ್ಲ. ಹೇಳೋದೂ ಇಲ್ಲ."

ಗಾಡಿ ಮಧ್ಯಾಹ್ನ ಹೊರಟಿತು. ಕಿಟಕಿಯಿಂದ ಮಠದ ಗೋಪುರ ಎಂದಿನಂತೆ ಕಾಣುತ್ತಿದೆ.

1674, ನವೆಂಬರ್ 26

ಅಮ್ಮನ ಕಾಗದ ಬಂತು. ಪಾದ್ರಿಯ ಬರಹ.

"ಸುಖವಾಗಿ ಮನೆ ಸೇರಿದೆವು. ಎಡಗಣ್ಣು ಪೂರ್ತಿ ಹೋಯಿತು. ಪರವಾಗಿಲ್ಲ, ನೋಡಬೇಕಾದದ್ದನ್ನು ನೋಡಿ ಆಯಿತು. ಹಸಿರು ಬಟ್ಟೆ ನಿನಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಟಿಲ್ಲಿ! ಅಷ್ಟು ಜನರ ಎದುರು ನಿಂತು, ನನ್ನ ಕಡೆ ತಿರುಗಿ ನಕ್ಕು, ನನ್ನ ಕೈಯನ್ನು ನಿನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡೆಯಲ್ಲ. ಮತ್ತೆ ಬಸುರಿ ಎಂದು ಬಾಯಿ ಬಿಟ್ಟು ಹೇಳಬೇಕೇ? ಮಗು ಒದ್ದದ್ದು ನನ್ನ ಅಂಗೈಗೆ ತಿಳಿಯಿತು. ಆ ರೀತಿ-ರಿವಾಜಿನವರು ನಿನ್ನನ್ನು ಕಲ್ಲು ಮಾಡಿಬಿಟ್ಟಿದ್ದಾರೇನೋ ಎಂದು ಹೆದರಿಕೊಂಡಿದ್ದೆ. ಈಗ ನೆಮ್ಮದಿ."

ಅವತ್ತು ನಾನು ಉಟ್ಟದ್ದು ಕಪ್ಪು.

ಹೌದಮ್ಮ, ಹಸಿರು ನನಗೂ ಇಷ್ಟ ಎಂದು ಉತ್ತರ ಬರೆದು ಮುದ್ರೆ ಒತ್ತಿದೆ. ಆಮೇಲೆ ಪಾಂಡೊಲ್ಫಿಯನ್ನು ಕರೆಸಿದೆ. ಮೆರವಣಿಗೆಯಲ್ಲಿ ನಿಂತದ್ದು, ತಲೆ ತಿರುಗಿಸಿದ್ದು, ಬೀದಿಯ ಜನರನ್ನು ಮುಟ್ಟಿದ್ದು, ಮೂರು ತಪ್ಪು, ತಿಂಗಳಾದರೂ ಏಕೆ ಬರೆದಿಲ್ಲ ಎಂದು ಕೇಳಿದೆ. ಅವನು ತಡವರಿಸಿದ.

"ದೊರೆಸಾನಿಯೋರೇ, ಆಕೆಗೆ ಈಗ ಆರು ತಿಂಗಳು ತುಂಬಿದೆ..."

"ನಿಮ್ಮ ಪುಸ್ತಕದಲ್ಲಿ ಬಸುರಿಯರಿಗೆ ಬೇರೆ ಕಾನೂನು ಇದೆಯೇ? ನನಗಂತೂ ಇರಲಿಲ್ಲ."

ಪುಟ ತಿರುವಿ ನೋಡಿದ. ಇರಲಿಲ್ಲ. ಪೀಠ ತೆಗೆಸಿದೆ. ಹೆರಿಗೆಯವರೆಗೂ ಫುಲ್ವಿಯಾ ಸಭೆಯಲ್ಲಿ ನಿಂತೇ ಇರಬೇಕು.